ಜರ್ಮನ್ ಸೈನಿಕರ ಹಳೆಯ ಟೋಪಿ: ಕೊಳ್ಳುವ ಮುಂಚೆ ಮಗುಚಿ ನೋಡಿ

ಪ್ರಶ್ನೆ: ನಾನು ಮೈಸೂರಿನವನು. ಆರು ವರ್ಷದಿಂದ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಇಲ್ಲಿನ ಶನಿವಾರದ ಹಳೆ ಸಾಮಾನಿನ ಸಂತೆಯಲ್ಲಿ ಒಬ್ಬರ ಹತ್ತಿರ ಎರಡು ಮಿಲಿಟರಿ ಟೋಪಿ ನೋಡಿದೆ. ಒಂದು ಪೀಕ್ (ಹಣೆಯ ಮೇಲೆ ಚಾಚಿಕೊಂಡಿರುವ ಗಟ್ಟಿ ಅಂಚು) ಇಲ್ಲದ ದುಂಡು ಟೋಪಿ. ಬೂದು ಬಟ್ಟೆ, ಕೆಂಪು ಪಟ್ಟಿ, ಮುಂದೆ ಒಂದರ ಕೆಳಗೊಂದು ಎರಡು ಪುಟ್ಟ ಬಿಲ್ಲೆ, ಒಳಗೆ ಮಾಸಿದ ಮುದ್ರೆ. ಬೆಲೆ 160 ಯೂರೊ. ಇನ್ನೊಂದು ಎರಡನೇ ಮಹಾಯುದ್ಧದ ಪೀಕ್ ಕ್ಯಾಪ್. ಬಿಳಿ ಪೈಪಿಂಗ್ (ಹೊಲಿಗೆಯ ಅಂಚಿಗೆ ಕೂರಿಸಿದ ಬಣ್ಣದ ಸಣ್ಣ ಪಟ್ಟಿ), ಹದ್ದಿನ ಬಿಲ್ಲೆ, ಪೀಕ್‌ನ ಮೇಲೆ ಬೆಳ್ಳಿ ಬಣ್ಣದ ಹುರಿ. 'ಕಾಲಾಳು ಪಡೆಯ ಅಧಿಕಾರಿಯದ್ದು, ನಮ್ಮ ತಾತನ ಅಟ್ಟದಲ್ಲಿ ಸಿಕ್ಕಿತು' ಎಂದರು. 700 ಯೂರೊ ಹೇಳುತ್ತಿದ್ದಾರೆ. ಯುವಿ ಟಾರ್ಚ್ ಹಾಕಿ ನೋಡಿದೆ, ಎರಡೂ ಹೊಳೆಯಲಿಲ್ಲ. ಹಾಗಾದರೆ ಅಸಲಿ ಅಂತ ಅಲ್ವಾ? 'ಹಿಟ್ಲರನ ಟೋಪಿ ಮನೆಗೆ ಬೇಡ' ಎಂದು ಹೆಂಡತಿ ಹೇಳುತ್ತಿದ್ದಾಳೆ. ಅಪ್ಪ ಮಾತ್ರ ಮೈಸೂರಿಗೆ ತಾ, ದಸರಾ ಗೊಂಬೆ ಜೊತೆ ಇಡೋಣ ಎನ್ನುತ್ತಾರೆ. ಯಾವುದನ್ನು ಕೊಳ್ಳಲಿ? ಕಾನೂನಿನ ತೊಂದರೆ ಇದೆಯೇ? ನಮ್ಮ ಹವೆಯಲ್ಲಿ ಹೇಗೆ ಕಾಪಾಡಲಿ? ಎಂಟು ಫೋಟೊ ಕಳಿಸಿದ್ದೇನೆ.

ಉತ್ತರ:

ನೀವು ಕೇಳಿದ್ದು ಹಲವು ಪ್ರಶ್ನೆ. ಅವುಗಳ ಕೆಳಗಿರುವ ಅಳುಕು ಎರಡೇ. ಟೋಪಿ ಕೊಳ್ಳಲು ಹೋಗಿ ಟೋಪಿ ಹಾಕಿಸಿಕೊಳ್ಳುತ್ತೇನಾ ಎನ್ನುವುದು ಒಂದು. ಇಂಥದ್ದನ್ನು ಮನೆಯಲ್ಲಿ ಇಡುವುದು ಸರಿಯಾ ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ಹೊಲಿಗೆ ಉತ್ತರ ಕೊಡುತ್ತದೆ. ಎರಡನೆಯದಕ್ಕೆ ನಿಮ್ಮ ಹೆಂಡತಿಯ ಜೊತೆ ಕೂತು ಮಾತಾಡಬೇಕು. ನನಗೆ ಗೊತ್ತಿರುವುದನ್ನು ಹೇಳುತ್ತೇನೆ.

ನನ್ನ ಕೆಲಸ ಹಳೆಯ ಬಟ್ಟೆಗಳ ಸಂರಕ್ಷಣೆ. ಜರಿ ಸೀರೆ, ಅರಮನೆಯ ಅಂಗರಖಾ, ಸೈನಿಕರ ಕೋಟು ಎಲ್ಲ ನನ್ನ ಮೇಜಿನ ಮೇಲೆ ಬಂದು ಹೋಗಿವೆ. ಜರ್ಮನ್ ಟೋಪಿಗಳ ಹುಚ್ಚು ಅಲ್ಲಿ ತರಬೇತಿಗೆ ಹೋದಾಗ ಹತ್ತಿಕೊಂಡಿತು. ಮೊದಲ ವರ್ಷವೇ ಒಂದು ಟೋಪಿಗೆ ತಿಂಗಳ ಸಂಬಳದ ಅರ್ಧ ಸುರಿದೆ. ಮಾರಿದವರು ತುಂಬಾ ಒಳ್ಳೆಯ ಕಥೆ ಹೇಳಿದ್ದರು. ಮನೆಗೆ ತಂದು ಚರ್ಮದ ಪಟ್ಟಿ ಎತ್ತಿ ನೋಡಿದರೆ ಒಳಗಡೆ ಮಿರಮಿರ ಮಿಂಚುವ ನೈಲಾನ್ ದಾರ. ಆ ಟೋಪಿ ಇನ್ನೂ ನನ್ನ ಹತ್ತಿರ ಇದೆ. ಕಲಿಯಲು ಬರುವ ಹುಡುಗರಿಗೆ ಮೊದಲು ಅದನ್ನೇ ಕೈಗೆ ಕೊಡುತ್ತೇನೆ.

ಈಗ ನಿಮ್ಮ ಯುವಿ ಟಾರ್ಚ್ ವಿಷಯ. ಈ ಪರೀಕ್ಷೆಯನ್ನು ಎಲ್ಲರೂ ನಂಬುತ್ತಾರೆ, ಅದಕ್ಕೇ ಮೊದಲು ಹೇಳಿಬಿಡುತ್ತೇನೆ. ಬಟ್ಟೆ ಬೆಳ್ಳಗೆ ಕಾಣಲಿ ಎಂದು ಸೋಪಿನ ಪುಡಿಗೆ, ದಾರಕ್ಕೆ, ಬಟ್ಟೆಗೆ ಹಾಕುವ ರಾಸಾಯನಿಕಗಳು ಯುವಿ ಬೆಳಕಿನಲ್ಲಿ ನೀಲಿಯಾಗಿ ಹೊಳೆಯುತ್ತವೆ. ಇವು ಎಲ್ಲೆಡೆ ಬಳಕೆಗೆ ಬಂದದ್ದು ಯುದ್ಧದ ನಂತರ. ಹಾಗಾಗಿ ಹೊಲಿಗೆಯ ದಾರ ಟ್ಯೂಬ್‌ಲೈಟಿನಂತೆ ಹೊಳೆದರೆ ಅನುಮಾನ ಪಡಬೇಕಾದದ್ದೇ. ಆದರೂ ಅಸಲಿ ಟೋಪಿಯನ್ನೇ ಯಾರೋ 1975ರಲ್ಲಿ ಸೋಪಿನ ಪುಡಿ ಹಾಕಿ ಒರೆಸಿದ್ದರೆ ಅದೂ ಹೊಳೆಯುತ್ತದೆ. ಹೊಳೆಯದಿದ್ದರೆ? ಅದರಿಂದ ಏನೂ ಸಾಬೀತಾಗುವುದಿಲ್ಲ. ನಕಲಿ ಮಾಡುವವರ ಹತ್ತಿರವೂ ಟಾರ್ಚ್ ಇದೆ. ಹೊಳೆಯದ ದಾರವನ್ನೇ ಹುಡುಕಿ ತರುತ್ತಾರೆ.

ದಾರ ಸುಟ್ಟು ನೋಡುವ ಪರೀಕ್ಷೆಯೂ ಇಂಥದ್ದೇ. ಉಣ್ಣೆ ಸುಟ್ಟರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಆದರೆ ಯುದ್ಧದ ಕಾಲದ ಜರ್ಮನ್ ಉಣ್ಣೆಗೆ ಮರದ ತಿರುಳಿನಿಂದ ಮಾಡಿದ ರೇಯಾನ್ ಎಳೆ ಬೆರೆಸುತ್ತಿದ್ದರು. ಅದು ಕಾಗದದಂತೆ ಉರಿಯುತ್ತದೆ. ಅದನ್ನು ನೋಡಿ ಅಸಲಿಯನ್ನೇ ನಕಲಿ ಎಂದುಕೊಂಡವರು ಇದ್ದಾರೆ. ಅಷ್ಟೇ ಅಲ್ಲ, ಮಾರುವವರ ಟೋಪಿಯ ದಾರ ಕಿತ್ತು ಬೆಂಕಿ ಹಚ್ಚಲು ಅವರು ಬಿಡುತ್ತಾರೆಯೇ!

ಹಾಗಾದರೆ ಏನು ನೋಡಬೇಕು? ಟೋಪಿಯನ್ನು ಮಗುಚಬೇಕು. ಕೊಳ್ಳುವವರು ಹೊರಗಡೆ ನೋಡುತ್ತಾರೆ, ನಕಲಿ ಮಾಡುವವರೂ ಹೊರಗಡೆಗೇ ಶ್ರಮ ಹಾಕುತ್ತಾರೆ. ಒಳಗಡೆ ಅಷ್ಟು ತಾಳ್ಮೆ ಇರುವುದಿಲ್ಲ.

ನಿಮ್ಮ ಮೊದಲ ಟೋಪಿಯಿಂದ ಶುರು ಮಾಡುತ್ತೇನೆ, ಏಕೆಂದರೆ ಅದು ನನಗೆ ಇಷ್ಟವಾಯಿತು. ಇದು ಕೈಸರ್, ಅಂದರೆ ಜರ್ಮನ್ ಚಕ್ರವರ್ತಿಯ ಕಾಲದ ಸಾಮಾನ್ಯ ಸೈನಿಕರ ಟೋಪಿ. ಸೈನಿಕರು ಇದನ್ನು 'ಕ್ರೆಟ್ಸ್‌ಖೆನ್' ಎಂದು ತಮಾಷೆಯಾಗಿ ಕರೆಯುತ್ತಿದ್ದರು. ಬೂದು-ಹಸಿರು ಬಣ್ಣದ ಸಮವಸ್ತ್ರ ಬಂದದ್ದು 1910ರಲ್ಲಿ. ಅದಕ್ಕೆ ಮುಂಚೆ ಇದೇ ಟೋಪಿ ಕಡುನೀಲಿಯಲ್ಲಿ ಇರುತ್ತಿತ್ತು. ಕೆಂಪು ಪಟ್ಟಿ ಎಂದರೆ ಕಾಲಾಳು ಪಡೆ. ಫಿರಂಗಿ ದಳಕ್ಕೆ ಕಪ್ಪು ಪಟ್ಟಿ, ಕೆಂಪು ಪೈಪಿಂಗ್. ಯುದ್ಧಭೂಮಿಯಲ್ಲಿ ಕೆಂಪು ಪಟ್ಟಿ ದೂರದಿಂದಲೇ ಎದ್ದು ಕಾಣುತ್ತಿತ್ತು. ಹಾಗಾಗಿ ಅದರ ಮೇಲೆ ಬೂದು ಬಟ್ಟೆಯ ಪಟ್ಟಿ ಸುತ್ತಿಕೊಳ್ಳುವಂತೆ ಮಾಡಿದರು. ನಿಮ್ಮ ಮೂರನೇ ಫೋಟೊದಲ್ಲಿ ಕೆಂಪು ಪಟ್ಟಿಯ ಮೇಲಂಚು ಮಾತ್ರ ಮಾಸಿದೆ, ಕೆಳಗೆ ಬಣ್ಣ ಗಟ್ಟಿಯಾಗಿದೆ. ಅಂಥ ಪಟ್ಟಿ ಬಹಳ ದಿನ ಮುಚ್ಚಿಕೊಂಡಿತ್ತೇನೋ ಎನ್ನಿಸುತ್ತದೆ. ಖಚಿತವಾಗಿ ಹೇಳಲು ಕೈಯಲ್ಲಿ ಹಿಡಿಯಬೇಕು.

ಇನ್ನು ಆ ಎರಡು ಬಿಲ್ಲೆ. ಮೇಲಿನದು ಇಡೀ ಜರ್ಮನ್ ಸಾಮ್ರಾಜ್ಯದ್ದು: ಕಪ್ಪು, ಬಿಳಿ, ನಡುವೆ ಕೆಂಪು. ಇದನ್ನು ಹಾಕಲು ಶುರು ಮಾಡಿದ್ದು 1897ರಲ್ಲಿ. ಕೆಳಗಿನದು ಆಯಾ ರಾಜ್ಯದ್ದು. ಆಗ ಜರ್ಮನಿ ಎಂದರೆ ಹಲವು ರಾಜ್ಯಗಳ ಒಕ್ಕೂಟ. ಪ್ರಷ್ಯಾಕ್ಕೆ ಕಪ್ಪು-ಬಿಳಿ, ಬವೇರಿಯಾಕ್ಕೆ ಬಿಳಿ-ನೀಲಿ, ಸ್ಯಾಕ್ಸನಿಗೆ ಬಿಳಿ-ಹಸಿರು, ಬಾಡೆನ್‌ಗೆ ಹಳದಿ-ಕೆಂಪು. ನಿಮ್ಮ ಟೋಪಿಯ ಕೆಳಗಿನ ಬಿಲ್ಲೆ ಕಪ್ಪು-ಕೆಂಪು-ಕಪ್ಪು. ಅದು ವ್ಯೂರ್ಟೆಂಬೆರ್ಗ್. ಅಂದರೆ ನೀವು ಈಗ ಇರುವ ಊರೇ ರಾಜಧಾನಿಯಾಗಿದ್ದ ರಾಜ್ಯ!

ಒಳಗಿನ ಮಾಸಿದ ಮುದ್ರೆಯಲ್ಲಿ ನನಗೆ ಕಾಣುವುದು 125 ಎಂಬ ಅಂಕಿ, ಅದರ ಕೆಳಗೆ ರೋಮನ್ ಅಂಕಿಯಲ್ಲಿ 13. ವ್ಯೂರ್ಟೆಂಬೆರ್ಗ್‌ನ ಸೈನ್ಯವೇ 13ನೇ ಆರ್ಮಿ ಕೋರ್. 125ನೇ ಕಾಲಾಳು ರೆಜಿಮೆಂಟ್ ಇದ್ದದ್ದು ಸ್ಟುಟ್‌ಗಾರ್ಟ್‌ನಲ್ಲೇ. ಬಿಲ್ಲೆ, ಮುದ್ರೆ, ಪಟ್ಟಿಯ ಬಣ್ಣ ಮೂರೂ ಒಂದೇ ಮಾತು ಹೇಳುತ್ತಿವೆ. ನಕಲಿ ಟೋಪಿಗಳು ಸಾಮಾನ್ಯವಾಗಿ ಇಲ್ಲೇ ಎಡವುತ್ತವೆ. ಪ್ರಷ್ಯಾದ ಬಿಲ್ಲೆ ಹಾಕಿ ಬವೇರಿಯಾದ ಮುದ್ರೆ ಒತ್ತಿರುತ್ತಾರೆ.

ಮುದ್ರೆಯ ಶಾಯಿಯನ್ನೂ ಗಮನಿಸಿ. ಹಳೆಯ ಶಾಯಿ ಹತ್ತಿ ಬಟ್ಟೆಯ ಎಳೆಯೊಳಗೆ ಇಳಿದು ಅಂಚು ಹರಡಿರುತ್ತದೆ. ಬೆವರಿನ ಕಲೆ ಆ ಶಾಯಿಯ ಮೇಲೆ ಬಿದ್ದಿರುತ್ತದೆ. ಹೊಸದಾಗಿ ಒತ್ತಿದ್ದರೆ ಕೊಳೆಯ ಮೇಲೆ ಶಾಯಿ ಕೂತಿರುತ್ತದೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರ ಸಾಕು. ಅಕ್ಕಸಾಲಿಗಳು ಕಣ್ಣಿಗೆ ಹಾಕಿಕೊಳ್ಳುತ್ತಾರಲ್ಲ, ಅಂಥದ್ದು.

ಈಗ ಎರಡನೆಯದು. 700 ಯೂರೊದ ಪೀಕ್ ಕ್ಯಾಪ್.

ಬಟ್ಟೆ ಹಳೆಯದು ಎನ್ನುವುದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಬಟ್ಟೆ ಹಳೆಯದಾದ ಮಾತ್ರಕ್ಕೆ ಟೋಪಿ ಅವರು ಹೇಳಿದ್ದೇ ಆಗಬೇಕಿಲ್ಲ. ಪೂರ್ತಿ ನಕಲಿಯನ್ನು ಸ್ವಲ್ಪ ದಿನದಲ್ಲಿ ಗುರುತಿಸಲು ಕಲಿಯುತ್ತೀರಿ. ಹೆಚ್ಚು ಮೋಸ ಆಗುವುದು ಅರ್ಧ ಅಸಲಿಯಲ್ಲಿ. ಜರ್ಮನಿಯಲ್ಲಿ ಪೀಕ್ ಕ್ಯಾಪ್ ಹಾಕುತ್ತಿದ್ದವರು ಸೈನಿಕರು ಮಾತ್ರವಲ್ಲ. ಅಗ್ನಿಶಾಮಕ ದಳ, ರೈಲ್ವೆ, ಅಂಚೆ, ಕಸ್ಟಮ್ಸ್, ಊರಿನ ಬಂದೂಕು ಸಂಘ, ವಾದ್ಯದವರು, ನಿವೃತ್ತ ಸೈನಿಕರ ಸಂಘ, ಎಲ್ಲರಿಗೂ ಟೋಪಿ ಇತ್ತು. ಬಂದೂಕು ಸಂಘದವರು ಹಬ್ಬದ ಮೆರವಣಿಗೆಯಲ್ಲಿ ಇವತ್ತಿಗೂ ಟೋಪಿ ಹಾಕಿಕೊಂಡು ನಡೆಯುತ್ತಾರೆ. ಅಂಥ ಮೂವತ್ತು ಯೂರೊ ಟೋಪಿಗೆ ಒಂದು ಹದ್ದಿನ ಬಿಲ್ಲೆ ಚುಚ್ಚಿದರೆ ಬೆಲೆ ಎಲ್ಲಿಗೋ ಹೋಗುತ್ತದೆ.

ಈ ಬಿಲ್ಲೆಗಳ ಹಿಂದೆ ತಗಡಿನ ಕಾಲುಗಳಿರುತ್ತವೆ. ಬಟ್ಟೆಗೆ ಚುಚ್ಚಿ ಒಳಗೆ ಮಡಚುತ್ತಾರೆ. ನಿಮ್ಮ ಆರನೇ ಫೋಟೊದಲ್ಲಿ ಹದ್ದಿನ ಪಕ್ಕ, ಸ್ವಲ್ಪ ಕೆಳಗೆ, ಇನ್ನೊಂದು ಜೊತೆ ತೂತು ಕಾಣುತ್ತಿದೆ. ಅಲ್ಲಿ ಮೊದಲು ಬೇರೆ ಏನೋ ಇತ್ತು. ಇದೊಂದೇ ಆಗಿದ್ದರೆ ನಾನು ಟೋಪಿಯನ್ನು ತಳ್ಳಿಹಾಕುತ್ತಿರಲಿಲ್ಲ. ಜರ್ಮನ್ ಸೈನ್ಯದ ಟೋಪಿಗೆ ಆ ಹದ್ದು ಬಂದದ್ದೇ 1934ರಲ್ಲಿ. ಅದಕ್ಕೂ ಹಳೆಯ ಟೋಪಿಗಳಿಗೆ ಆಮೇಲೆ ಹದ್ದು ಚುಚ್ಚಿಸಿಕೊಂಡವರು ಇದ್ದರು. ಆದರೆ ಬಿಲ್ಲೆ ಎಂಬತ್ತು ವರ್ಷ ಒಂದೇ ಕಡೆ ಕೂತಿದ್ದರೆ ಅದರ ಕೆಳಗಿನ ಬಟ್ಟೆ ಮಾಸದೆ ಉಳಿಯಬೇಕು. ಗೋಡೆಯ ಮೇಲಿನ ಹಳೆಯ ಫೋಟೊ ತೆಗೆದರೆ ಚೌಕಾಕಾರದ ಗುರುತು ಕಾಣುತ್ತದಲ್ಲ, ಹಾಗೆ. ಮಾರುವವರನ್ನು ಕೇಳಿ ಹದ್ದನ್ನು ಸ್ವಲ್ಪ ಓರೆ ಮಾಡಿ ನೋಡಿ. ಗುರುತು ಇಲ್ಲದಿದ್ದರೆ ಬಿಲ್ಲೆ ಇತ್ತೀಚೆಗೆ ಚುಚ್ಚಿದ್ದು.

ಬೆಳ್ಳಿ ಬಣ್ಣದ ಹುರಿಯ ವಿಷಯ ಇನ್ನೂ ಸ್ವಾರಸ್ಯವಾಗಿದೆ. ಸೈನ್ಯದ ಪೀಕ್ ಕ್ಯಾಪ್‌ನಲ್ಲಿ ಸಾಮಾನ್ಯ ಸೈನಿಕರಿಗೂ ಹವಾಲ್ದಾರ್ ದರ್ಜೆಯವರಿಗೂ ಕಪ್ಪು ಚರ್ಮದ ಪಟ್ಟಿ. ಅಧಿಕಾರಿಗಳಿಗೆ ಅಲ್ಯುಮಿನಿಯಂ ತಂತಿಯ ಹುರಿ. ಜನರಲ್‌ಗಳಿಗೆ ಚಿನ್ನದ ಬಣ್ಣದ್ದು. ಅಂದರೆ ಸೈನಿಕನ ಟೋಪಿಯನ್ನು ಅಧಿಕಾರಿಯದ್ದಾಗಿ ಮಾಡಲು ಪಟ್ಟಿ ಬಿಚ್ಚಿ ಹುರಿ ಕಟ್ಟಿದರೆ ಆಯಿತು. ಐದು ನಿಮಿಷದ ಬಡ್ತಿ! ಪಟ್ಟಿ ಇದ್ದ ಕಡೆ ಪೀಕ್‌ನ ಮೇಲಿನ ಮೆರುಗು ಉಜ್ಜಿ ಗೀರಾಗಿರುತ್ತದೆ. ಹುರಿಯ ಗೀರು ಬೇರೆ ಥರ, ಸಣ್ಣ ಸಣ್ಣ ಚುಕ್ಕಿಗಳ ಹಾಗೆ. ನಿಮ್ಮ ಫೋಟೊದಲ್ಲಿ ಕಾಣುವುದು ಅಗಲವಾದ ಒಂದೇ ಗೀರು. ನನ್ನ ಅಂದಾಜು, ಇದು ಹುಟ್ಟುವಾಗ ಅಧಿಕಾರಿಯ ಟೋಪಿ ಆಗಿರಲಿಲ್ಲ.

ಪೈಪಿಂಗ್ ಬಣ್ಣದಲ್ಲೂ ಇದೇ ಆಟ. ಆ ಬಣ್ಣ ನೋಡಿ ಯಾವ ದಳ ಎಂದು ಹೇಳಬಹುದು. ಬಿಳಿ ಕಾಲಾಳು ಪಡೆ, ಕೆಂಪು ಫಿರಂಗಿ, ಚಿನ್ನದ ಹಳದಿ ಅಶ್ವದಳ, ಕಪ್ಪು ಪಯೋನಿಯರ್ (ಸೈನ್ಯದ ಎಂಜಿನಿಯರ್ ದಳ), ತಿಳಿಹಸಿರು ಪರ್ವತ ದಳ, ಗುಲಾಬಿ ಟ್ಯಾಂಕ್ ದಳ. ಎಲ್ಲರಿಗೂ ಬೇಕಾಗಿರುವುದು ಗುಲಾಬಿ. ಹಾಗಾಗಿ ಬಿಳಿ ಪೈಪಿಂಗಿಗೆ ಗುಲಾಬಿ ಬಣ್ಣ ಹಾಕುವುದು, ಇಲ್ಲವೇ ಬಿಚ್ಚಿ ಹೊಸದು ಹೊಲಿಯುವುದು ನಡೆಯುತ್ತದೆ. ಹೊಲಿಗೆಯ ಸಂದಿಯಲ್ಲಿ ನೋಡಿದರೆ ಬಣ್ಣದ ಕೆಳಗೆ ಬಿಳಿ ಇಣುಕುತ್ತದೆ. ನಿಮ್ಮದು ಬಿಳಿಯೇ ಆದ್ದರಿಂದ ಈ ಒಂದು ತಾಪತ್ರಯ ಇಲ್ಲ.

ಒಳಗೆ ನೆತ್ತಿಯ ಹತ್ತಿರ ವಜ್ರದ ಆಕಾರದ, ಹಳದಿಯಾದ ಪಾರದರ್ಶಕ ಹಾಳೆ ಇದೆ ಅಲ್ವಾ? ತಲೆಯ ಎಣ್ಣೆ, ಬೆವರು ಅಸ್ತರಿಗೆ ತಾಗದಿರಲಿ ಎಂದು ಹಾಕಿದ್ದು. ಅದರ ಕೆಳಗೆ ತಯಾರಕರ ಹೆಸರು ಇರುತ್ತದೆ. ನಿಮ್ಮದರಲ್ಲಿ 'ಎರೆಲ್' ಎಂದಿದೆ. ಬರ್ಲಿನ್‌ನ ರಾಬರ್ಟ್ ಲುಬ್‌ಸ್ಟೈನ್ ಕಂಪನಿಯ ಗುರುತು ಅದು. ಜರ್ಮನ್‌ನಲ್ಲಿ ಆರ್ ಅಕ್ಷರಕ್ಕೆ 'ಎರ್', ಎಲ್ ಅಕ್ಷರಕ್ಕೆ 'ಎಲ್' ಎನ್ನುತ್ತಾರೆ. ಎರಡೂ ಸೇರಿ ಎರೆಲ್. ಒಳ್ಳೆಯ ಟೋಪಿ ಮಾಡುತ್ತಿದ್ದರು, ಅದಕ್ಕೇ ನಕಲಿಗಳಲ್ಲೂ ಈ ಹೆಸರು ಜಾಸ್ತಿ. ಬಹಳ ಹಳೆಯ ಹಾಳೆಗಳು ಸುಕ್ಕಾಗಿ, ಹೊಲಿಗೆಯ ತೂತಿನಿಂದ ಬಿರುಕು ಬಿಟ್ಟಿರುತ್ತವೆ. ನಿಮ್ಮದು ಹಳದಿಯಾಗಿದೆ, ಆದರೆ ಒಂದೂ ಬಿರುಕಿಲ್ಲ, ಅಂಚಿನಿಂದ ಅಂಚಿಗೆ ಒಂದೇ ಸಮನೆ ಹಳದಿ. ಚರ್ಮದ ಪಟ್ಟಿಯೂ ಸುತ್ತಲೂ ಒಂದೇ ಸಮನೆ ಕಂದು. ಮನುಷ್ಯರು ಸುತ್ತಲೂ ಒಂದೇ ಸಮ ಬೆವರುವುದಿಲ್ಲ. ಹಣೆಯ ಕಡೆ ಕಲೆ ದಟ್ಟವಾಗಿ, ಹಿಂದೆ ತೆಳುವಾಗಿ ಇರಬೇಕು. ಒಂದೇ ಸಮ ಕಂದು ಬಂದರೆ ಯಾರೋ ಟೀ ಡಿಕಾಕ್ಷನ್ ಸವರಿದ್ದಾರೆ ಎಂದು ನನ್ನ ಮೂಗು ಹೇಳುತ್ತದೆ. ಮೂಗು ಎಂದದ್ದು ಸುಮ್ನೆ ಅಲ್ಲ, ನಿಜವಾಗಿ ಮೂಸಿ ನೋಡಿ. ಹಳೆಯ ಉಣ್ಣೆ ಟ್ರಂಕಿನ ವಾಸನೆ ಬರುತ್ತದೆ. ಶೂ ಪಾಲಿಶ್ ವಾಸನೆ ಬಂದರೆ ಕೆಳಗಿಡಿ.

ಒಂದು ವಿಷಯದಲ್ಲಿ ಮಾತ್ರ ಅವಸರದ ತೀರ್ಪು ಬೇಡ. ಅಧಿಕಾರಿಗಳು ತಮ್ಮ ಟೋಪಿಯನ್ನು ಸ್ವಂತ ದುಡ್ಡಿನಲ್ಲಿ, ಬೇಕಾದ ಅಂಗಡಿಯಲ್ಲಿ ಕೊಳ್ಳುತ್ತಿದ್ದರು. ಅಳತೆ, ಬಟ್ಟೆ, ಅಸ್ತರು ಒಂದೊಂದು ಟೋಪಿಗೆ ಒಂದೊಂದು ಥರ. 'ನಿಯಮದಲ್ಲಿ ಹೀಗಿಲ್ಲ, ಆದ್ದರಿಂದ ನಕಲಿ' ಎಂದು ವಾದಿಸುವವರ ಮಾತು ಪೂರ್ತಿ ನಂಬಬೇಡಿ.

ತಾತನ ಅಟ್ಟದ ಕಥೆಗೆ ನಾನು ಒಂದು ಯೂರೊ ಕೂಡ ಕೊಡುವುದಿಲ್ಲ. ಮಾರುವವರು ಸುಳ್ಳು ಹೇಳುತ್ತಿದ್ದಾರೆ ಎಂದಲ್ಲ. ಮನೆಯವರಿಗೇ ತಪ್ಪು ಕಥೆ ಗೊತ್ತಿರುತ್ತದೆ. ಮೈಸೂರಿನಲ್ಲೇ ಒಂದು ಮನೆಗೆ ನನ್ನನ್ನು ಕರೆದಿದ್ದರು. ಮುತ್ತಜ್ಜ ಮೈಸೂರು ಸಂಸ್ಥಾನದ ಕುದುರೆ ದಳವಾದ ಮೈಸೂರು ಲ್ಯಾನ್ಸರ್ಸ್‌ನಲ್ಲಿದ್ದವರು, ಈಗ ಇಸ್ರೇಲ್‌ನಲ್ಲಿರುವ ಹೈಫಾದ ಯುದ್ಧದಲ್ಲಿ ಜರ್ಮನ್ ಅಧಿಕಾರಿಯ ಟೋಪಿ ಕಿತ್ತು ತಂದರು ಎಂದು ಮೂರು ತಲೆಮಾರಿನಿಂದ ಹೇಳಿಕೊಂಡು ಬಂದಿದ್ದರು. 1918ರ ಸೆಪ್ಟೆಂಬರ್ 23ರಂದು ಹೈಫಾವನ್ನು ಜೋಧಪುರ, ಮೈಸೂರು ಲ್ಯಾನ್ಸರ್ಸ್ ಗೆದ್ದದ್ದು ನಿಜ. ಪ್ಯಾಲೆಸ್ಟೈನ್‌ನಲ್ಲಿ ತುರ್ಕರ ಜೊತೆ ಜರ್ಮನ್ ಪಡೆಗಳು ಇದ್ದದ್ದೂ ನಿಜ. ಮುತ್ತಜ್ಜನ ಪದಕವೂ ಮನೆಯಲ್ಲೇ ಇತ್ತು. ಟೋಪಿ ಮಗುಚಿದೆ. ಅದು ಮದುವೆ ಮೆರವಣಿಗೆಯ ಬ್ಯಾಂಡ್‌ಸೆಟ್‌ನವರ ಟೋಪಿ! ಯಾವಾಗಲೋ ಯಾರೋ ಬಿಟ್ಟುಹೋದದ್ದು ಪದಕದ ಪೆಟ್ಟಿಗೆ ಸೇರಿಕೊಂಡಿತ್ತು. ಮನೆಯ ಹಿರಿಯರು ಒಂದು ನಿಮಿಷ ಸುಮ್ಮನಿದ್ದರು. ಆಮೇಲೆ ಕಾಫಿ ತರಿಸಿದರು.

ಭಾರತೀಯರಿಗೆಂದೇ ಇನ್ನೊಂದು ಬಲೆ ಇದೆ. ನೀವು ಭಾರತದವರು ಎಂದು ಗೊತ್ತಾದ ಕೂಡಲೇ 'ಇದು ಬೋಸ್ ಅವರ ಇಂಡಿಯನ್ ಲೀಜನ್‌ನ ಟೋಪಿ' ಎಂದು ಯಾರಾದರೂ ತೋರಿಸಬಹುದು. ಜರ್ಮನಿಯಲ್ಲಿ ಭಾರತೀಯ ಯುದ್ಧಕೈದಿಗಳನ್ನು ಸೇರಿಸಿ ಕಟ್ಟಿದ ಆ ಪಡೆ ಇದ್ದದ್ದು ನಿಜ. ಅವರ ಗುರುತು ಜಿಗಿಯುವ ಹುಲಿ, 'ಫ್ರೈಯೆಸ್ ಇಂಡಿಯನ್' (ಸ್ವತಂತ್ರ ಭಾರತ) ಎಂಬ ಬರಹ. ಆದರೆ ಆ ಗುರುತು ಇದ್ದದ್ದು ಕೋಟಿನ ತೋಳಿನ ಮೇಲೆ. ಸಿಖ್ಖರು ಪೇಟ ಕಟ್ಟುತ್ತಿದ್ದರು, ಉಳಿದವರಿಗೆ ಮಾಮೂಲಿ ಜರ್ಮನ್ ಟೋಪಿ. ಟೋಪಿ ನೋಡಿ ಇದು ಲೀಜನ್‌ನದ್ದು ಎಂದು ಹೇಳಲು ದಾರಿಯೇ ಇಲ್ಲ. ಹೇಳಿದರೆ ಕೇಳಿಸಿಕೊಂಡು ಮುಂದೆ ನಡೆಯಿರಿ.

ಈಗ ಕಾನೂನು. ಜರ್ಮನ್ ದಂಡಸಂಹಿತೆಯ 86ಎ ಕಲಮು ನಾಜಿ ಗುರುತುಗಳನ್ನು ಸಾರ್ವಜನಿಕವಾಗಿ ತೋರಿಸುವುದನ್ನು, ಹಂಚುವುದನ್ನು ತಡೆಯುತ್ತದೆ. ದಂಡ ಅಥವಾ ಮೂರು ವರ್ಷದವರೆಗೆ ಜೈಲು. ಇತಿಹಾಸ, ಬೋಧನೆ, ಸಂಶೋಧನೆ, ಕಲೆಗೆ ವಿನಾಯಿತಿ ಇದೆ. ಮನೆಯೊಳಗೆ ಖಾಸಗಿಯಾಗಿ ಇಟ್ಟುಕೊಳ್ಳುವುದು ಅಪರಾಧವಲ್ಲ. ಸಂತೆಯಲ್ಲಿ ಹದ್ದಿನ ಕಾಲಲ್ಲಿರುವ ಸ್ವಸ್ತಿಕದ ಮೇಲೆ ಸ್ಟಿಕ್ಕರ್ ಅಂಟಿಸಿರುವುದನ್ನು ನೋಡಿರುತ್ತೀರಿ, ಕಾರಣ ಇದೇ. ಎರಡನೇ ಟೋಪಿಯನ್ನು ತೆರೆದು ಹಿಡಿದುಕೊಂಡು ಟ್ರಾಮ್ ಹತ್ತಿದರೆ ತೊಂದರೆ. ವಾಟ್ಸ್ಆ್ಯಪ್ ಸ್ಟೇಟಸ್‌ಗೆ, ಇನ್‌ಸ್ಟಾಗ್ರಾಂಗೆ ಫೋಟೊ ಹಾಕಿದರೂ ತೊಂದರೆ ಆಗಬಹುದು. ತಲೆಗೆ ಹಾಕಿಕೊಂಡು ಸೆಲ್ಫಿ ಅಂತೂ ಬೇಡವೇ ಬೇಡ. ಕೈಸರ್ ಕಾಲದ ಟೋಪಿಗೆ ಈ ಯಾವ ತಲೆನೋವೂ ಇಲ್ಲ. ಅದರಲ್ಲಿ ಆ ಗುರುತೇ ಇಲ್ಲ.

'ನಮ್ಮ ಸ್ವಸ್ತಿಕ ಬಲಕ್ಕೆ ತಿರುಗುತ್ತದೆ, ಅವರದು ಎಡಕ್ಕೆ, ಹಾಗಾಗಿ ಬೇರೆ' ಎಂಬ ಮಾತು ನಮ್ಮಲ್ಲಿ ಬಹಳ ಓಡಾಡುತ್ತದೆ. ಅದು ತಪ್ಪು. ಅವರದೂ ಬಲಕ್ಕೇ ತಿರುಗುತ್ತದೆ. ಸಾಮಾನ್ಯವಾಗಿ ಓರೆಯಾಗಿ, ಮೂಲೆಯ ಮೇಲೆ ನಿಲ್ಲಿಸಿರುತ್ತಾರೆ, ಅಷ್ಟೇ ವ್ಯತ್ಯಾಸ. ಬಾಗಿಲ ಮೇಲೆ ಬರೆಯುವುದಕ್ಕೂ ಹದ್ದಿನ ಕಾಲಲ್ಲಿ ಇರುವುದಕ್ಕೂ ಅರ್ಥ ಬೇರೆ, ನಿಜ. ಆದರೆ ಆ ವಾದ ಈ ಟೋಪಿಗೆ ರಕ್ಷಣೆ ಕೊಡುವುದಿಲ್ಲ.

ಭಾರತದಲ್ಲಿ ಜರ್ಮನಿಯಂಥ ಕಾನೂನು ಇಲ್ಲ. ಆದರೆ ಬೇರೆ ಒಂದು ವಿಷಯ ನೆನಪಿಡಿ. ನಮ್ಮ 1972ರ ಪುರಾವಸ್ತು ಕಾಯ್ದೆ ನೂರು ವರ್ಷ ದಾಟಿದ ವಸ್ತುಗಳನ್ನು ಹೊರದೇಶಕ್ಕೆ ಒಯ್ಯಲು ಬಿಡುವುದಿಲ್ಲ. 1914ರ ಟೋಪಿಯನ್ನು ಮೈಸೂರಿಗೆ ತಂದು, ಹತ್ತು ವರ್ಷದ ನಂತರ ಮತ್ತೆ ಜರ್ಮನಿಗೆ ತೆಗೆದುಕೊಂಡು ಹೋಗಬೇಕೆಂದರೆ ವಿಮಾನ ನಿಲ್ದಾಣದಲ್ಲಿ ಪ್ರಶ್ನೆ ಬರಬಹುದು. ಕೊಂಡ ರಸೀದಿ, ತರುವಾಗಿನ ಕಸ್ಟಮ್ಸ್ ಕಾಗದ ಎರಡನ್ನೂ ಟೋಪಿಯ ಪೆಟ್ಟಿಗೆಯಲ್ಲೇ ಇಡಿ. ಹೋಗುವ ಮುಂಚೆ ಪುರಾತತ್ವ ಇಲಾಖೆಯಲ್ಲಿ ವಿಚಾರಿಸಿ.

ಇನ್ನು ನಿಮ್ಮ ಹೆಂಡತಿಯ ಮಾತು. ಎರಡೂ ಟೋಪಿ ಹಿಟ್ಲರನದ್ದಲ್ಲ ಎಂದು ಹೇಳಿ ಗೆಲ್ಲಲು ಹೋಗಬೇಡಿ. ಕೈಸರ್ ಕಾಲದ್ದು ಖಂಡಿತ ಅಲ್ಲ, ಆಗ ನಾಜಿ ಪಕ್ಷವೇ ಇರಲಿಲ್ಲ. ಎರಡನೆಯದರ ಬಗ್ಗೆ ಅವರ ಅಳುಕು ನ್ಯಾಯವಾದದ್ದು. 'ಎಸ್‌ಎಸ್‌ನವರು (ನಾಜಿ ಪಕ್ಷದ ಸ್ವಂತ ಪಡೆ) ಕೆಟ್ಟವರು, ಸೈನ್ಯ ಶುದ್ಧ' ಎಂದು ಸಂಗ್ರಾಹಕರು ಹೇಳುತ್ತಿರುತ್ತಾರೆ. 1995ರಿಂದ ಹ್ಯಾಂಬರ್ಗ್‌ನ ಸಂಶೋಧನಾ ಸಂಸ್ಥೆಯೊಂದು ಜರ್ಮನಿ, ಆಸ್ಟ್ರಿಯಾದ ಊರೂರಿಗೆ ಒಯ್ದ ಪ್ರದರ್ಶನ ಈ ನಂಬಿಕೆಯನ್ನು ಅಲ್ಲಾಡಿಸಿತು. ಪೂರ್ವದ ಯುದ್ಧರಂಗದಲ್ಲಿ ಸೈನ್ಯವೂ ಕೊಲೆಗಳಲ್ಲಿ ಪಾಲುಗೊಂಡದ್ದನ್ನು ಅದು ತೋರಿಸಿತು. ಕೆಲವು ಫೋಟೊಗಳ ವಿವರಣೆ ತಪ್ಪೆಂದು ಟೀಕೆ ಬಂದು ಅದನ್ನು ನಿಲ್ಲಿಸಿ, ತಿದ್ದಿ, 2001ರಲ್ಲಿ ಮತ್ತೆ ತೆರೆದರು. ಮೂಲ ಮಾತು ಮಾತ್ರ ಬದಲಾಗಲಿಲ್ಲ.

ಇದಕ್ಕೆ ತದ್ವಿರುದ್ಧ ತಪ್ಪೂ ಇದೆ. ಟೋಪಿಯ ಮೇಲೆ ತಲೆಬುರುಡೆ ಕಂಡರೆ ಸಾಕು, ಎಸ್‌ಎಸ್ ಎಂದುಬಿಡುತ್ತಾರೆ. ಪ್ರಷ್ಯಾದ ಲೈಬ್-ಹುಸಾರ್ ಕುದುರೆ ದಳದವರು, ಬ್ರೌನ್‌ಷ್ವೈಗ್ ರಾಜ್ಯದ ಸೈನಿಕರು ಅದಕ್ಕೂ ಬಹಳ ಮುಂಚಿನಿಂದ ತಲೆಬುರುಡೆ ಧರಿಸುತ್ತಿದ್ದರು. ಆದರೂ ಹೊಸಬರು ತಲೆಬುರುಡೆಯ ತಂಟೆಗೇ ಹೋಗದಿರುವುದು ಒಳ್ಳೆಯದು. ಅತಿ ಹೆಚ್ಚು ನಕಲಿ ಇರುವುದೇ ಅಲ್ಲಿ. ಆ ಸಂತೆಯಲ್ಲಿ ಯಾರ ಪಕ್ಕ ನಿಲ್ಲುತ್ತೀರಿ ಎನ್ನುವುದೂ ಒಂದು ಪ್ರಶ್ನೆ. 2019ರಲ್ಲಿ ಮ್ಯೂನಿಕ್ ಬಳಿಯ ಹರಾಜಿನಲ್ಲಿ ಹಿಟ್ಲರನ ಮಡಚುವ ಟಾಪ್ ಹ್ಯಾಟ್ ಬಂತು. ಲೆಬನಾನ್ ಮೂಲದ ಸ್ವಿಸ್ ಉದ್ಯಮಿ ಅಬ್ದಲ್ಲಾ ಶಾತಿಲಾ ಅದನ್ನು ಕೊಂಡರು. ಇಂಥವು ನವನಾಜಿಗಳ ಕೈಗೆ ಹೋಗಬಾರದು ಎಂದು ಕೆರೆನ್ ಹಯೆಸೋಡ್ ಎಂಬ ಯಹೂದಿ ಸಂಸ್ಥೆಗೆ ಕೊಟ್ಟುಬಿಟ್ಟರು. ನನ್ನ ಸ್ವಂತ ಕಪಾಟಿನಲ್ಲಿ ಆ ಹದ್ದಿನ ಟೋಪಿ ಎರಡು ಇವೆ, ಪಾಠಕ್ಕೆ. ಗೋಡೆಗೆ, ಷೋಕೇಸಿಗೆ ಇಟ್ಟಿಲ್ಲ. ನಿಮ್ಮ ಮನೆಯ ತೀರ್ಮಾನ ನಿಮ್ಮದು.

ಹಾಗಾದರೆ ನಿಮ್ಮ ಮುಂದೆ ಏನಿದೆ? 700 ಯೂರೊ ಟೋಪಿಯನ್ನು ನಾನು ಕೊಳ್ಳುವುದಿಲ್ಲ. ಅಂಥದ್ದೇ ಬೇಕು ಎಂದಾದರೆ ಲಿಖಿತ ಖಾತರಿ ಕೊಡುವ, ವಾಪಸ್ ತೆಗೆದುಕೊಳ್ಳುವ ಹರಾಜು ಮನೆಯಲ್ಲಿ ಕೊಳ್ಳಿ. ಬೆಲೆ ಜಾಸ್ತಿ, ಮೇಲೆ ಕಮಿಷನ್ ಬೇರೆ. ಅಲ್ಲೂ ತಪ್ಪು ಆಗುತ್ತದೆ, ಆದರೆ ಕೇಳಲು ಒಂದು ಬಾಗಿಲು ಇರುತ್ತದೆ. ಸಂತೆಯಲ್ಲಿ ಕೊಂಡರೆ ಮುಂದಿನ ಶನಿವಾರ ಆ ಮೇಜೇ ಇರುವುದಿಲ್ಲ. ಹೊಸದಾಗಿ ಮಾಡಿದ ಪ್ರತಿ ಕೊಳ್ಳುವುದೂ ಕೆಟ್ಟದ್ದಲ್ಲ. ಒಳಗೆ ಅಳಿಸಲಾಗದ ಹಾಗೆ 'ಪ್ರತಿ' ಎಂದು ಬರೆದುಬಿಡಿ. ನಿಮ್ಮ ಮಕ್ಕಳು ಮೋಸ ಹೋಗುವುದಿಲ್ಲ, ಅವರು ಇನ್ನೊಬ್ಬರಿಗೆ ಮೋಸ ಮಾಡುವುದೂ ಇಲ್ಲ.

ಕೈಗೆ ಅಭ್ಯಾಸ ಆಗಬೇಕೆಂದರೆ ಪೂರ್ವ ಜರ್ಮನಿಯ ಸೈನ್ಯದ ಟೋಪಿ ಒಂದು ಕೊಳ್ಳಿ. 1956ರಲ್ಲಿ ಶುರುವಾದ ಆ ಸೈನ್ಯ 1990ರ ಅಕ್ಟೋಬರ್‌ನಲ್ಲಿ ಮುಚ್ಚಿತು. ಗೋದಾಮುಗಟ್ಟಲೆ ಟೋಪಿಗಳು ಸಂತೆಗೆ ಬಂದವು. ಈಗಲೂ ಅಗ್ಗ. ಅಸಲಿಯೇ ಅಗ್ಗವಾಗಿ ಸಿಗುವಾಗ ನಕಲಿ ಮಾಡುವ ಕಷ್ಟ ಯಾರಿಗೆ ಬೇಕು! ಅದನ್ನು ಬಿಚ್ಚಿ, ಹೊಲಿಗೆ ನೋಡಿ, ಪೀಕ್ ತಟ್ಟಿ ನೋಡಿ. ಜರ್ಮನ್ ಟೋಪಿ ಹೇಗೆ ಕಟ್ಟುತ್ತಾರೆ ಎಂದು ಬೆರಳಿಗೆ ಗೊತ್ತಾಗುತ್ತದೆ.

160 ಯೂರೊದ್ದನ್ನು ಕೊಳ್ಳಿ ಎನ್ನುತ್ತೇನೆ, ಒಂದು ಷರತ್ತಿನ ಮೇಲೆ. ಮೊದಲು ರಾಸ್ಟಾಟ್‌ಗೆ ಹೋಗಿ ಬನ್ನಿ. ಅಲ್ಲಿನ ಅರಮನೆಯಲ್ಲಿ ಸೈನಿಕ ಇತಿಹಾಸದ ಮ್ಯೂಸಿಯಂ ಇದೆ. ನಿಮ್ಮ ಕಡೆಯ ಸೈನ್ಯಗಳ ಟೋಪಿಗಳನ್ನು ಕಣ್ಣಾರೆ ನೋಡಬಹುದು. ಸ್ಟುಟ್‌ಗಾರ್ಟ್‌ನಿಂದ ಒಂದೇ ದಿನದಲ್ಲಿ ಹೋಗಿ ಬರಬಹುದು. ನೂರು ಫೋಟೊ ನೋಡುವುದಕ್ಕಿಂತ ಅದು ಮೇಲು. ಕೊಂಡ ಮೇಲೆ ಚರ್ಮದ ಪಟ್ಟಿಯ ಹಿಂದೆ, ಅಸ್ತರಿನ ಮೇಲೆ ಹೆಸರೇನಾದರೂ ಇದೆಯೇ ಎಂದು ಓರೆ ಬೆಳಕಿನಲ್ಲಿ ಹುಡುಕಿ. ಸೈನಿಕರು ತಮ್ಮ ಹೆಸರು ಬರೆದುಕೊಳ್ಳುತ್ತಿದ್ದರು. ಪ್ರಷ್ಯಾ ಸೈನ್ಯದ ದಾಖಲೆಗಳು 1945ರ ಏಪ್ರಿಲ್‌ನಲ್ಲಿ ಪಾಟ್ಸ್‌ಡಾಮ್‌ನ ಬಾಂಬ್ ದಾಳಿಯಲ್ಲಿ ಬಹುಪಾಲು ಸುಟ್ಟುಹೋದವು. ವ್ಯೂರ್ಟೆಂಬೆರ್ಗ್‌ನವು ಉಳಿದಿವೆ, ನಿಮ್ಮ ಊರಿನ ಸರ್ಕಾರಿ ದಾಖಲೆ ಸಂಗ್ರಹಾಲಯದಲ್ಲೇ ಇವೆ. ಹೆಸರು ಸಿಕ್ಕರೆ ಆ ಮನುಷ್ಯ ಯಾವ ಹಳ್ಳಿಯವನು, ಏನಾದ ಎಂದು ಹುಡುಕುವ ದಾರಿ ಇದೆ. ಬರ್ಲಿನ್‌ನ ಟೋಪಿ ಕೊಂಡವರಿಗೆ ಈ ಭಾಗ್ಯ ಇಲ್ಲ.

ಕಾಪಾಡುವ ವಿಷಯ ಬೇಗ ಹೇಳಿಬಿಡುತ್ತೇನೆ. ಮೈಸೂರು ಮಂಗಳೂರಲ್ಲ, ಅಷ್ಟು ಶೆಖೆ ಇಲ್ಲ. ಆದರೂ ಮಳೆಗಾಲದಲ್ಲಿ ಗಾಳಿಯ ತೇವ ಶೇ 65 ದಾಟಿದರೆ ಚರ್ಮಕ್ಕೆ ಬೂಷ್ಟು ಬರುತ್ತದೆ. ಮುನ್ನೂರು ನಾನೂರು ರೂಪಾಯಿಯ ತೇವಮಾಪಕ ಒಂದು ಕಪಾಟಿನಲ್ಲಿಡಿ. ನುಸಿಗುಳಿಗೆ ಬೇಡ. ಅದರ ಆವಿ ಹಳೆಯ ಪ್ಲಾಸ್ಟಿಕ್ ಹಾಳೆಯನ್ನು ಮೆತ್ತಗೆ ಮಾಡುತ್ತದೆ, ನಿಮ್ಮ ಆರೋಗ್ಯಕ್ಕೂ ಒಳ್ಳೆಯದಲ್ಲ. ಚರ್ಮಕ್ಕೆ ಕೊಬ್ಬರಿ ಎಣ್ಣೆ, ಪಾಲಿಶ್ ಹಚ್ಚಬೇಡಿ. ಅಪ್ಪನಿಗೆ ಇದನ್ನು ವಿಶೇಷವಾಗಿ ಹೇಳಿ. ಎಣ್ಣೆ ಉಣ್ಣೆಗೆ ಇಳಿದು ಅಂಟಾಗುತ್ತದೆ, ಮತ್ತೆ ತೆಗೆಯಲು ನನ್ನಂಥವರಿಂದಲೂ ಆಗುವುದಿಲ್ಲ. ನುಸಿ ಇದೆ ಎಂದು ಅನುಮಾನವಿದ್ದರೆ ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಡೀಪ್ ಫ್ರೀಜರಿನಲ್ಲಿ ಮೈನಸ್ 18 ಡಿಗ್ರಿಯಲ್ಲಿ ಎರಡು ವಾರ ಇಡಿ. ಹೊರಗೆ ತೆಗೆದು ಒಂದು ದಿನ ಬಿಟ್ಟು ಚೀಲ ಬಿಚ್ಚಿ. ಪೀಕ್ ಇರುವ ಟೋಪಿಗೆ ಇದನ್ನು ಮಾಡಬೇಡಿ, ಮೆರುಗು ಬಿರಿಯುತ್ತದೆ. ನಿಮ್ಮದಕ್ಕೆ ಪೀಕ್ ಇಲ್ಲ, ಪರವಾಗಿಲ್ಲ. ಹಳೆಯ ಸಂಗ್ರಹಗಳಲ್ಲಿ ಹುಳ ಬಾರದಿರಲಿ ಎಂದು ಡಿಡಿಟಿ, ಆರ್ಸೆನಿಕ್‌ನಂಥ ವಿಷ ಹೊಡೆಯುತ್ತಿದ್ದ ಕಾಲ ಒಂದಿತ್ತು. ಆದ್ದರಿಂದ ಕೈಗವಸು ಹಾಕಿ ಮುಟ್ಟಿ. ಮಕ್ಕಳ ತಲೆಗೆ ಹಾಕಿ ಫೋಟೊ ತೆಗೆಯಬೇಡಿ.

ಇನ್ನು ಗೊಂಬೆಯ ಮೆಟ್ಟಿಲು. ಅಪ್ಪನನ್ನು ತಡೆಯಬೇಡಿ. ಬೆಳಕು ಬಣ್ಣ ತಿನ್ನುವುದು ವರ್ಷಗಟ್ಟಲೆ ಬಿಟ್ಟರೆ. ಒಂಬತ್ತು ದಿನಕ್ಕೆ ಏನೂ ಆಗುವುದಿಲ್ಲ. ಆಮ್ಲವಿಲ್ಲದ ಟಿಶ್ಯೂ ಕಾಗದ ಉಂಡೆ ಮಾಡಿ ಒಳಗೆ ತುಂಬಿ ಕೂರಿಸಲಿ. ಸೀರಿಯಲ್ ಸೆಟ್ ದೀಪದ ಸರ ಟೋಪಿಗೆ ತಾಗದಿರಲಿ, ಆರತಿ ತಟ್ಟೆ ದೂರ ಇರಲಿ. ವಿಜಯದಶಮಿ ಮುಗಿದ ಮೇಲೆ ಪಟ್ಟದ ಗೊಂಬೆಗಳನ್ನು ಹೇಗೂ ಬಟ್ಟೆ ಸುತ್ತಿ ಪೆಟ್ಟಿಗೆಗೆ ಹಾಕುತ್ತೀರಲ್ಲ, ಇದನ್ನೂ ಆಗಲೇ ಒಳಗಿಡಿ. ಮಾಮೂಲಿ ರಟ್ಟಿನ ಪೆಟ್ಟಿಗೆ ಮಾತ್ರ ಬೇಡ.